ಲೈನ್ ಮನೆಯ ಮೊಮ್ಮಗಳ ತಕರಾರು

ಸುಮಾರು ಮೂವತ್ತು ವರ್ಷಗಳಿಂದ ಮಕ್ಕಳ ಹಾಜರಿ ಕರೆಯುತ್ತ ಬಂದವಳು ನಾನು. ಕರೆದ ಹೆಸರಿಗೆ ಒಂದು ದನಿ ಓಗೊಟ್ಟರೆ ಸಾಕು, ಆ ಮಗುವಿನ ಅಪ್ಪ ಅಮ್ಮ ಯಾವ ಸೀಮೆಯಿಂದ ಬಂದರು ಎಂಬ ವಿಚಾರಣೆ ನನ್ನ ಕೆಲಸವಲ್ಲ ಎಂದೇ ತಿಳಿದಿದ್ದೆ. ಈಗ ಆ ವಿಚಾರಣೆ ನಮ್ಮ ಶಾಲೆಯ ಒಳಗೇ ಬಂದು ಕೂತಿದೆ. ಅದರ ಬಗ್ಗೆ ಬರೆಯಬೇಕು. ಬರೆಯುವುದಕ್ಕೆ ಮುಂಚೆ, ಮಾತಾಡಬೇಕಾದ ಒಂದು ಹೊತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ ಎನ್ನುವುದನ್ನೂ ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಕೆಳಗೆ, ಕಾಫಿ ಕುಯ್ಲು ಆರಂಭವಾಗುವ ಹೊತ್ತಿಗೆ, ಅಸ್ಸಾಮಿನ ಒಬ್ಬ ತೋಟದ ಕೆಲಸದವನು ಹನ್ನೊಂದು ವರ್ಷದ ಮಗಳನ್ನು ಕರೆದುಕೊಂಡು ಶಾಲೆಗೆ ಬಂದ. ಮನೆಮಾತು ಬಂಗಾಳಿ. ನಮ್ಮೊಡನೆ ಆಡಿದ್ದು ಹರಕುಮುರುಕು ಹಿಂದಿ. ನಾವು ಏನನ್ನೂ ಕೇಳುವ ಮೊದಲೇ ಅಂಗಿಯೊಳಗಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಆಧಾರ್, ಮತದಾರರ ಚೀಟಿ, ಪೌರತ್ವ ಪಟ್ಟಿಯಲ್ಲಿ ತನ್ನ ಹೆಸರಿರುವ ಹಾಳೆ, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟ. ಮಗಳನ್ನು ಶಾಲೆಗೆ ಸೇರಿಸಲು ಬಂದ ತಂದೆಗಿಂತ ಠಾಣೆಗೆ ಬಂದ ಆಸಾಮಿಯ ಹಾಗೆ ನಿಂತಿದ್ದ.

ವಯಸ್ಸಿಗೆ ತಕ್ಕಂತೆ ಹುಡುಗಿಯನ್ನು ಆರನೇ ತರಗತಿಗೆ ಸೇರಿಸಿಕೊಂಡೆವು. ಮೂರು ತಿಂಗಳಲ್ಲಿ ಅವಳು ಕಾಗುಣಿತ ಕಲಿತಳು. 'ಮಳೆ' ಎನ್ನಲು ಹೋಗಿ 'ಮಲೆ' ಎನ್ನುತ್ತಿದ್ದಳು. ತಿದ್ದಿದರೆ ನಾಚಿಕೊಂಡು ಮತ್ತೆ ಹೇಳುತ್ತಿದ್ದಳು. ಒಂದು ದಿನ ಹಾಜರಿ ಕರೆಯುವಾಗ ಅವಳ ಹೆಸರಿಗೆ ಉತ್ತರ ಬರಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಬಾಂಗ್ಲಾ ಬಂದಿಲ್ಲ ಟೀಚರ್" ಎಂದ. ಇಡೀ ತರಗತಿ ನಕ್ಕಿತು. ಅವನು ಅದನ್ನು ಅಂದೇ ಹುಟ್ಟಿಸಿದ್ದಲ್ಲ, ಅದು ಅವಳಿಗೆ ಯಾವಾಗಲೋ ಅಂಟಿದ್ದ ಹೆಸರು. ನನ್ನ ಕಿವಿಗೆ ಬಿದ್ದದ್ದು ಮಾತ್ರ ಅಂದು.

ಹುಡುಗನಿಗೆ ಬೈದೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕೂತಾಗ ಸಹೋದ್ಯೋಗಿಯೊಬ್ಬರು, "ಅವನಿಗೆ ಯಾಕೆ ಬೈದ್ರಿ ಮೇಡಂ? ಇರೋದನ್ನೇ ಅಂದಿದ್ದಾನೆ. ಹೀಗೇ ಬಿಟ್ಟರೆ ನಾಳೆ ಇದು ಇವರದ್ದೇ ಊರಾಗುತ್ತೆ. ನೀವೂ ಇಲ್ಲಿಯವರೇ ಅಲ್ಲವಾ, ನಿಮಗೆ ಹೇಳಬೇಕಾ?" ಎಂದರು. ನಾನು ಡಬ್ಬಿಯ ಮುಚ್ಚಳ ಹಾಕುತ್ತ ಸುಮ್ಮನಾದೆ. ಫೆಬ್ರುವರಿಯಲ್ಲಿ ಹುಡುಗಿ ಬರುವುದನ್ನು ನಿಲ್ಲಿಸಿದಳು. ತೋಟದ ರೈಟರನ್ನು ವಿಚಾರಿಸಿದರೆ, "ಕುಯ್ಲು ಮುಗೀತಲ್ಲ ಟೀಚರ್, ಹೋದ್ರು" ಎಂದ. ಎಲ್ಲಿಗೆ ಎಂಬುದು ಅವನಿಗೂ ತಿಳಿಯದು.

ನಾನು ಸುಮ್ಮನಾದದ್ದಕ್ಕೆ ಕಾರಣವಿದೆ. "ಇಲ್ಲಿಯವರು" ಎಂಬ ಆ ಮಾತು ನನಗೆ ಒಳಗೊಳಗೇ ಹಿತವಾಗಿತ್ತು. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಏಕೆಂದರೆ ನನ್ನ ತಾಯಿಯ ತಂದೆ ಇಲ್ಲಿಯವರಲ್ಲ. ಅರಕಲಗೂಡು ಕಡೆಯ ಒಂದು ಹಳ್ಳಿಯಿಂದ ಮೇಸ್ತ್ರಿಯೊಬ್ಬನ ಹತ್ತಿರ ಮುಂಗಡ ತೆಗೆದುಕೊಂಡು, ಆ ಸಾಲ ತೀರಿಸಲು ಕೊಡಗಿನ ತೋಟಕ್ಕೆ ಬಂದವರು. ಅವರು ಬರುವಾಗ ಅದು ಮೈಸೂರು ಸಂಸ್ಥಾನ, ಇದು ಕೊಡಗು. ಫ್ರೇಜರ್‌ಪೇಟೆ ಎನ್ನುತ್ತಿದ್ದ ಈಗಿನ ಕುಶಾಲನಗರದ ಹತ್ತಿರ ಕಾವೇರಿ ದಾಟಿದರೆ ಬೇರೆ ಆಡಳಿತ. ಎರಡೂ ಒಂದೇ ರಾಜ್ಯವಾದದ್ದು 1956ರ ನವೆಂಬರ್ 1ರಂದು. ನನ್ನ ಅವ್ವ ಹುಟ್ಟಿದ್ದು ಲೈನ್ ಮನೆಯಲ್ಲಿ. ಒಂದೇ ಕೋಣೆ, ಅದರಲ್ಲೇ ಒಲೆ. ಅವರನ್ನು "ಬಯಲುಸೀಮೆಯವರು" ಎನ್ನುತ್ತಿದ್ದರಂತೆ. ಕಳ್ಳತನವಾದರೆ ಮೊದಲು ಲೈನಿನಲ್ಲಿ ಹುಡುಕು, ಜ್ವರ ಬಂದರೆ ಲೈನಿನವರೇ ತಂದದ್ದು. ಅವ್ವ ಇದನ್ನು ನಗುತ್ತಲೇ ಹೇಳುತ್ತಿದ್ದಳು. ನಾನು ಬಿ.ಎ., ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಯಾರಿಗೂ ಇದನ್ನು ಹೇಳಲಿಲ್ಲ. ಕೇಳಿದವರಿಗೆ "ಸೋಮವಾರಪೇಟೆ ಕಡೆ" ಎಂದು ಹೇಳಿ ಮುಗಿಸುತ್ತಿದ್ದೆ.

ನಿಜ ಹೇಳಬೇಕೆಂದರೆ ಈ ಜಿಲ್ಲೆಯಲ್ಲಿ ಬಂದವರ ಲೆಕ್ಕ ಹಿಡಿದು ಕೂತರೆ ಮುಗಿಯುವುದಿಲ್ಲ. ಕೊಡಗನ್ನು ಆಳಿದ ಹಾಲೇರಿ ಅರಸರೇ ಇಕ್ಕೇರಿಯ ಕಡೆಯಿಂದ ಬಂದವರು. 1834ರಲ್ಲಿ ಬಂದ ಇಂಗ್ಲಿಷರು ರಾಜ್ಯವನ್ನೇ ತೆಗೆದುಕೊಂಡರು. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯಲ್ಲಿ ತೋಟ ಮಾಡಿದ ಮೇಲೆ ಬಿಳಿಯರ ತೋಟಗಳು ಒಂದರ ಹಿಂದೆ ಒಂದು ಎದ್ದವು. ಆ ತೋಟಗಳಿಗೆ ಮೈಸೂರು ಸೀಮೆಯಿಂದ, ಮಲಬಾರಿನಿಂದ, ತಮಿಳುನಾಡಿನಿಂದ ಆಳುಗಳು ಬಂದರು. ಈಗ ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಈ ಜಿಲ್ಲೆಯಲ್ಲಿ ಹಣ್ಣು ಕುಯ್ಯಲು ಅಸ್ಸಾಂ, ಬಂಗಾಳ, ಜಾರ್ಖಂಡಿನವರು ಬರುತ್ತಿದ್ದಾರೆ. ದಾರಿ ಅದೇ, ಮುಂಗಡ ಅದೇ, ಲೈನ್ ಮನೆಯೂ ಅದೇ. ಬೈಗುಳ ಮಾತ್ರ ಬದಲಾಗಿದೆ.

ಹಾಗಾದರೆ ಮೊದಲಿನಿಂದ ಇದ್ದವರಿಗಾದರೂ ನಾವು ಮರ್ಯಾದೆ ಕೊಟ್ಟಿದ್ದೇವೆಯೇ? ಯರವರಿಗಿಂತ, ಜೇನು ಕುರುಬರಿಗಿಂತ ಈ ಮಣ್ಣಿಗೆ ಹಳಬರು ಯಾರು? 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಅವರ ನೂರಾರು ಗುಡಿಸಲುಗಳನ್ನು ಕಿತ್ತುಹಾಕಿದಾಗ, "ಇವರು ಇಲ್ಲಿಯವರು" ಎಂದು ಮುಂದೆ ಬಂದ ತೋಟದ ಮಾಲೀಕರು ಎಷ್ಟು ಜನ? ಬೆಂಗಳೂರಿನಿಂದ ಬಂದು ಗುಡ್ಡ ಕಡಿದು ರೆಸಾರ್ಟ್ ಕಟ್ಟುವವನ ಆಧಾರ್ ಕಾರ್ಡನ್ನು ಯಾರೂ ಕೇಳುವುದಿಲ್ಲ. ಕಾವೇರಿಯ ಸೇತುವೆ ದಾಟಿದರೆ ಬೈಲಕುಪ್ಪೆ. ಟಿಬೆಟಿನಿಂದ ಓಡಿಬಂದವರಿಗೆ 1960ರ ದಶಕದ ಆರಂಭದಲ್ಲಿ ನಮ್ಮ ರಾಜ್ಯ ಅಲ್ಲಿ ನೆಲ ಕೊಟ್ಟಿತು. ಒಳ್ಳೆಯದನ್ನೇ ಮಾಡಿತು. ಮನೆಗೆ ನೆಂಟರು ಬಂದರೆ ನಾವೇ ಹೆಮ್ಮೆಯಿಂದ ಅಲ್ಲಿಯ ಚಿನ್ನದ ಬುದ್ಧನನ್ನು ತೋರಿಸಲು ಕರೆದೊಯ್ಯುತ್ತೇವೆ. ಹೊರದೇಶದಿಂದಲೇ ಬಂದವರ ಜೊತೆ ಬಾಳಲು ನಮಗೆ ಬರುತ್ತದೆ ಎಂದಾಯಿತು. ಹಾಗಿದ್ದ ಮೇಲೆ ನಮ್ಮದೇ ದೇಶದ ಇನ್ನೊಂದು ಮೂಲೆಯವನನ್ನು ಕಂಡಾಗ ಮಾತ್ರ ಯಾಕೆ ಹೊಟ್ಟೆಯುರಿ? ಅವನ ಹತ್ತಿರ ಹಣವಿಲ್ಲ, ನಮ್ಮ ಭಾಷೆ ಇಲ್ಲ, ಹಿಂದೆ ಮಾತಾಡುವವರಿಲ್ಲ. ನನಗೆ ಬೇರೆ ಕಾರಣ ಕಾಣುವುದಿಲ್ಲ.

ಇದೇ ಸ್ಟಾಫ್ ರೂಮಿನಲ್ಲಿ 2017ರ ಫೆಬ್ರುವರಿಯಲ್ಲಿ ನಡೆದ ಇನ್ನೊಂದು ಮಾತುಕತೆಯನ್ನು ಹೇಳಬೇಕು. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಹೈದರಾಬಾದಿನ ಇಂಜಿನಿಯರ್ ಶ್ರೀನಿವಾಸ ಕೂಚಿಭೋಟ್ಲ ಅವರನ್ನು ಒಬ್ಬ ಬಿಳಿಯ, ನನ್ನ ದೇಶ ಬಿಟ್ಟು ತೊಲಗಿ ಎಂದು ಕೂಗಿ ಗುಂಡು ಹೊಡೆದು ಕೊಂದಿದ್ದ. ಆಮೇಲೆ ಅವನು ತಾನು ಇಬ್ಬರು ಇರಾನಿಯರನ್ನು ಹೊಡೆದೆ ಎಂದು ಹೇಳಿಕೊಂಡಿದ್ದ. ನಮ್ಮಲ್ಲಿ ಅಂದು ಯಾರಿಗೂ ಊಟ ಸೇರಲಿಲ್ಲ. ಈಗ "ಇವರದ್ದೇ ಊರಾಗುತ್ತೆ" ಎಂದ ಅದೇ ಸಹೋದ್ಯೋಗಿಯ ಮಗಳು ಅಮೆರಿಕದಲ್ಲಿದ್ದಾಳೆ. ಆಕೆ ಕಣ್ಣೀರು ಹಾಕುತ್ತ, "ಭಾರತದವರು ಯಾರು, ಇರಾನಿನವರು ಯಾರು ಅಂತ ನೋಡುವಷ್ಟೂ ವ್ಯವಧಾನ ಇಲ್ಲವಲ್ಲ ಆ ಜನಕ್ಕೆ" ಎಂದಿದ್ದರು. ಆಕೆಯ ಸಂಕಟ ಸುಳ್ಳಲ್ಲ. ಆದರೆ ಅಸ್ಸಾಮಿನ ಕೂಸನ್ನು ಬಾಂಗ್ಲಾ ಎನ್ನುವಾಗ ನಮ್ಮ ವ್ಯವಧಾನ ಎಲ್ಲಿ ಹೋಗಿತ್ತು?

ಆ ಬಿಳಿಯರ ಹಳೆಯ ಕಥೆಯೂ ಕೇಳುವಂಥದ್ದೇ. ಅವರಲ್ಲಿ ಎಷ್ಟೋ ಜನರ ಅಜ್ಜ ಮುತ್ತಜ್ಜಂದಿರು ಯೂರೋಪಿನಿಂದ ಹೊಟ್ಟೆಗಿಲ್ಲದೆ ಬಂದವರು, ಬಂದು ಬೈಸಿಕೊಂಡವರು. ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದಾಗ ಹಡಗು ಹತ್ತಿದ ಐರಿಷರನ್ನು ಕುಡುಕರು, ಪೋಪನ ಗುಲಾಮರು ಎಂದರು. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಕ್ಯಾಥೊಲಿಕರ ಚರ್ಚುಗಳನ್ನು ಸುಟ್ಟರು. ಅದರ ಹಿಂದೆ ಇದ್ದ ಜಗಳಗಳಲ್ಲಿ ಒಂದು, ಶಾಲೆಯಲ್ಲಿ ಮಕ್ಕಳು ಯಾವ ಬೈಬಲ್ ಓದಬೇಕು ಎಂಬುದು. 1891ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಗುಂಪೊಂದು ಜೈಲಿಗೆ ನುಗ್ಗಿ ಹನ್ನೊಂದು ಇಟಾಲಿಯನ್ನರನ್ನು ಕೊಂದಿತು. 1924ರಲ್ಲಿ ಇಟಲಿ, ಪೋಲೆಂಡ್ ಮೊದಲಾದ ಕಡೆಯವರು ಹೆಚ್ಚು ಬಾರದಂತೆ ಕಾನೂನನ್ನೇ ತಂದರು.

ನನ್ನಂಥ ಮೇಡಂಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ನೆಬ್ರಾಸ್ಕಾದ ಶಿಕ್ಷಕ ರಾಬರ್ಟ್ ಮೇಯರ್ ಅವರ ಕಥೆ. ಮೊದಲ ಮಹಾಯುದ್ಧದ ಕಾವಿನಲ್ಲಿ ಅಮೆರಿಕದಲ್ಲಿ ಜರ್ಮನ್ ಮೂಲದವರ ಮೇಲೆ ಸಂಶಯ ಎದ್ದಿತು. ಎಂಟನೇ ತರಗತಿ ದಾಟದ ಮಕ್ಕಳಿಗೆ ಇಂಗ್ಲಿಷಲ್ಲದ ಭಾಷೆ ಕಲಿಸಬಾರದೆಂದು ಆ ರಾಜ್ಯ 1919ರಲ್ಲಿ ಕಾನೂನು ಮಾಡಿತು. ಮರುವರ್ಷ ಮೇಯರ್ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಲು ಕಲಿಸುತ್ತಿದ್ದುದು ಪತ್ತೆಯಾಗಿ 25 ಡಾಲರ್ ದಂಡ ಬಿತ್ತು. ಅವರು ಸುಮ್ಮನೆ ಕಟ್ಟಿ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಮೊಕದ್ದಮೆ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1923ರಲ್ಲಿ ಆ ಶಿಕ್ಷೆ ರದ್ದಾಯಿತು. ನನಗೆ ಯಾವ ದಂಡದ ಭಯವೂ ಇರಲಿಲ್ಲ. ಡಬ್ಬಿಯ ಮುಚ್ಚಳ ಹಾಕುವ ಬದಲು ಒಂದು ಮಾತು ಆಡಿದ್ದರೆ ಸಾಕಿತ್ತು.

ಬಂದವರನ್ನು ಓಡಿಸುತ್ತೇನೆಂದು ಹೇಳಿಯೇ ಎರಡು ಸಲ ಅಧ್ಯಕ್ಷ ಚುನಾವಣೆ ಗೆದ್ದ ಡೊನಾಲ್ಡ್ ಟ್ರಂಪ್ ಅವರ ಅಜ್ಜ 1885ರಲ್ಲಿ ಜರ್ಮನಿಯಿಂದ ಹಡಗಿನಲ್ಲಿ ಬಂದಿಳಿದ ಹದಿನಾರು ವರ್ಷದ ಹುಡುಗ. ಆಮೇಲೆ ಜರ್ಮನ್ ಎಂದರೆ ವ್ಯಾಪಾರಕ್ಕೆ ತೊಂದರೆಯಾದೀತೆಂದು ಆ ಮನೆಯವರು ತಾವು ಸ್ವೀಡನ್ ದೇಶದ ಮೂಲದವರು ಎಂದು ಬಹುಕಾಲ ಹೇಳಿಕೊಂಡರು. ಇದನ್ನು ಓದಿದಾಗ ನಗು ಬಂತು. ನಗು ಮುಗಿಯುವಷ್ಟರಲ್ಲಿ ನನ್ನ "ಸೋಮವಾರಪೇಟೆ ಕಡೆ" ನೆನಪಾಯಿತು.

ಎದುರು ವಾದ ನನಗೆ ತಿಳಿಯದ್ದೇನಲ್ಲ. ಕಳ್ಳದಾರಿಯಲ್ಲಿ ಗಡಿ ದಾಟಿ ಬರುವವರೇ ಇಲ್ಲವೇ ಎಂದು ಕೇಳುತ್ತಾರೆ. ಇರಬಹುದು. ಅದನ್ನು ನೋಡಲು ಪೊಲೀಸರಿದ್ದಾರೆ, ಕೋರ್ಟುಗಳಿವೆ. ಅವರು ಕಾಗದ ನೋಡಲಿ, ತಪ್ಪಿದ್ದರೆ ಕಾನೂನಿನಂತೆ ನಡೆಯಲಿ. ಹಿಂದಿನ ಬೆಂಚಿನ ಹುಡುಗನಿಗೆ, ಸಂತೆಯಲ್ಲಿ ಮೀನು ಮಾರುವವನಿಗೆ, ಬಸ್ಸಿನ ಕಂಡಕ್ಟರಿಗೆ ಆ ಅಧಿಕಾರವನ್ನು ಯಾರು ಕೊಟ್ಟರು? ಕೊಡವರ ಆತಂಕವನ್ನೂ ನಾನು ಹಗುರವಾಗಿ ಕಾಣುವವಳಲ್ಲ. ಸಣ್ಣ ಸಮುದಾಯ, ಅವರ ಕೊಡವ ತಕ್ಕ್ ಯುನೆಸ್ಕೋದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿದೆ. ಆದರೆ ಆ ಭಾಷೆ ಬಡವಾದದ್ದು ಲೈನ್ ಮನೆಯವರಿಂದಲ್ಲ. ಮಕ್ಕಳೊಡನೆ ಮನೆಯಲ್ಲೂ ಇಂಗ್ಲಿಷ್ ಆಡುವವರು ನಾವು ನಾವೇ. ತೋಟ ಮಾರುವವರೂ ಕೂಲಿಗಳಲ್ಲ. ಇನ್ನು, ಇವರು ಕಡಿಮೆ ಕೂಲಿಗೆ ಬಂದು ಸ್ಥಳೀಯರ ಕೂಲಿಗೆ ಕಲ್ಲು ಹಾಕುತ್ತಾರೆ ಎಂಬ ಮಾತಿದೆ. ಕಡಿಮೆ ಕೂಲಿ ಕೊಡುವ ಕೈ ಯಾವುದು, ಪಡೆಯುವ ಕೈ ಯಾವುದು ಎಂದು ನೋಡಿದರೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯುತ್ತದೆ. ಕಾಗದದ ಹೆದರಿಕೆ ಇರುವ ಆಳು ಕೂಲಿ ಹೆಚ್ಚಿಸಿ ಎಂದು ಬಾಯಿ ಬಿಡುವುದಿಲ್ಲ. ಆ ಹೆದರಿಕೆ ಹಾಗೇ ಇರಲಿ ಎಂದು ಬಯಸುವವರು ಯಾರು?

ನಮ್ಮ ಇಬ್ಬಗೆ ಬಯಲಾದದ್ದು 2020ರ ಲಾಕ್‌ಡೌನಿನಲ್ಲಿ. ಮೇ ತಿಂಗಳಲ್ಲಿ ದೂರದ ಊರುಗಳ ಕೆಲಸಗಾರರು ಮನೆಗೆ ಹೋಗುತ್ತೇವೆಂದು ಅತ್ತರು. ಆಗ ಕಟ್ಟಡ ಕಟ್ಟುವ ಉದ್ಯಮಿಗಳ ಜೊತೆ ಮಾತಾಡಿದ ರಾಜ್ಯ ಸರ್ಕಾರ, ಅವರಿಗೆಂದು ಬಿಡಬೇಕಿದ್ದ ರೈಲುಗಳನ್ನೇ ಬೇಡವೆಂದಿತು. ಛೀಮಾರಿ ಬಿದ್ದ ಮೇಲೆ ಮತ್ತೆ ರೈಲು ಬಿಟ್ಟರು. ಹೋಗುತ್ತೇನೆಂದರೆ ಬಿಡುವುದಿಲ್ಲ, ಇರುತ್ತೇನೆಂದರೆ ಯಾರು ನೀನು ಎನ್ನುತ್ತೇವೆ. ನಮಗೆ ಬೇಕಾದದ್ದು ಹಣ್ಣು ಕುಯ್ಯುವ ಎರಡು ಕೈ. ಆ ಕೈಗಳ ಹಿಂದೆಯೇ ಒಂದು ಹೊಟ್ಟೆ, ಒಬ್ಬಳು ಹೆಂಡತಿ, ಶಾಲೆಗೆ ಹೋಗುವ ಒಂದು ಮಗಳು ಬರುವುದು ಮಾತ್ರ ಬೇಡ.

ಕಾಗದ, ಕಾಗದ ಎನ್ನುವವರಿಗೆ ಒಂದು ಮಾತು. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ಪಟ್ಟಿಯಿಂದ 19,06,657 ಜನ ಹೊರಗುಳಿದರು. ತಾವೋ ತಮ್ಮ ಹಿರಿಯರೋ 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮುಂಚೆಯೇ ಇಲ್ಲಿದ್ದರೆಂದು ಅವರು ದಾಖಲೆ ತೋರಿಸಬೇಕಿತ್ತು. ಒಂದು ಭಾನುವಾರ ನಾನೂ ಆ ಪರೀಕ್ಷೆಗೆ ಕೂತೆ. ಅವ್ವನ ಕಬ್ಬಿಣದ ಟ್ರಂಕು ತೆಗೆದು ಹುಡುಕಿದೆ. ಜನನ ಪತ್ರವಿಲ್ಲ, ಶಾಲೆಯ ಸರ್ಟಿಫಿಕೇಟಿಲ್ಲ, ನೆಲದ ಪಹಣಿ ಇಲ್ಲ. ಲೈನ್ ಮನೆಯಲ್ಲಿ ಹುಟ್ಟಿದವಳಿಗೆ ಅದೆಲ್ಲ ಎಲ್ಲಿಂದ ಬರಬೇಕು? ಸಿಕ್ಕಿದ್ದು ಒಂದು ಹಳೆಯ ರೇಷನ್ ಕಾರ್ಡು, ಅದರ ಇಸವಿಯನ್ನು ಗೆದ್ದಲು ತಿಂದಿತ್ತು. ಆ ಅಸ್ಸಾಮಿನ ಕೂಲಿಯಾಳಿನ ಪ್ಲಾಸ್ಟಿಕ್ ಕವರು ನನ್ನ ಅವ್ವನ ಟ್ರಂಕಿಗಿಂತ ಗಟ್ಟಿಯಾಗಿತ್ತು.

ಕಳೆದ ಜೂನಿನಲ್ಲಿ ಶಾಲೆ ತೆರೆದ ದಿನ ಮಕ್ಕಳಿಗೆ ಈ ಕಥೆ ಹೇಳಿದೆ. ನನ್ನ ಅಜ್ಜ ಮುಂಗಡ ಪಡೆದು ಬಂದ ಆಳು, ನನ್ನ ಅವ್ವ ಲೈನ್ ಮನೆಯ ಹುಡುಗಿ ಎಂದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ, ತನ್ನ ತಾತ ಕಣ್ಣೂರಿನಿಂದ ಬಂದವರೆಂದ. ಮತ್ತೊಬ್ಬಳು ಸೇಲಂ ಎಂದಳು. ಸುಳ್ಯದ ಹೆಸರು ಬಂತು, ಪಿರಿಯಾಪಟ್ಟಣದ ಹೆಸರು ಬಂತು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲೂ ಅದನ್ನೇ ಹೇಳಿದೆ. ಆ ಸಹೋದ್ಯೋಗಿ ಏನೂ ಅನ್ನಲಿಲ್ಲ. ಸಂಜೆ ಬಸ್ ಸ್ಟಾಂಡಿನಲ್ಲಿ ಪಕ್ಕಕ್ಕೆ ಬಂದು ನಿಂತು, "ನಮ್ಮ ಅತ್ತೆಯವರೂ ಮಲಬಾರ್ ಕಡೆಯಿಂದಲೇ ಬಂದವರು ಅಂತಾರೆ" ಎಂದರು.

ಆ ಹುಡುಗಿಯ ಟಿ.ಸಿ. ಬರೆದು ಕಪಾಟಿನಲ್ಲಿ ಇಟ್ಟಿದ್ದೇನೆ. ಯಾರೂ ಬಂದು ಕೇಳಿಲ್ಲ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಟಿ.ಸಿ. ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಯಾವ ಮಗುವನ್ನೂ ಶಾಲೆಯಿಂದ ವಾಪಸು ಕಳಿಸುವಂತಿಲ್ಲ. ಈಗ ಅವಳು ಚಿಕ್ಕಮಗಳೂರಿನ ಯಾವುದೋ ತೋಟದಲ್ಲಿರಬಹುದು, ಹಾಸನದ ಗಡಿಯಲ್ಲಿರಬಹುದು, ತನ್ನ ಊರಿಗೇ ಹೋಗಿರಬಹುದು. ಅಲ್ಲಿಯ ಟೀಚರಮ್ಮನಿಗೆ ನನ್ನ ವಿನಂತಿ ಇಷ್ಟೆ: ಬಾಗಿಲಲ್ಲಿ ನಿಲ್ಲಿಸಿ ಏನನ್ನೂ ಕೇಳಬೇಡಿ, ಒಳಗೆ ಕರೆದು ಕೂರಿಸಿ. ಹುಡುಗಿ ಚುರುಕು. ಳಕಾರ ಒಂದನ್ನು ತಿದ್ದಬೇಕು.