ಮುತ್ತುಗದ ಕೆಳಗೊಂದು ಚೆಂಡು

ಶಿವರಾತ್ರಿ ಕಳೆಯುತ್ತಲೇ ಚಳಿಯು ‘ಶಿವ ಶಿವ’ ಎನ್ನುತ್ತ ಹೊರಟುಹೋಗುವುದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಹೊತ್ತಿಗೆ ಧಾರವಾಡದ ಹೊರವಲಯದಲ್ಲಿ ಅಡ್ಡಾಡುವವರಿಗೆ ಮುತ್ತುಗದ ಮರಗಳು ಕಣ್ಣಿಗೆ ಹಬ್ಬವಾಗುತ್ತವೆ. ಎಲೆಯುದುರಿದ ಬರಿಯ ಕೊಂಬೆಗಳಲ್ಲಿ ಗಿಣಿಯ ಕೊಕ್ಕಿನಂತೆ ಬಾಗಿದ ಕೆಂಡವರ್ಣದ ಹೂಗಳು! ಮಕರಂದಕ್ಕಾಗಿ ಬಂದ ಸೂರಕ್ಕಿ, ಗೊರವಂಕಗಳ ಗದ್ದಲ ಬೇರೆ. ಊಟಕ್ಕೆ ಎಲೆಯನ್ನೂ ಹೋಳಿಗೆ ಬಣ್ಣವನ್ನೂ ಕೊಡುವ ಈ ಮರವನ್ನು ನಮ್ಮ ಹಳ್ಳಿಗರು ಎಂದೂ ಮರೆತವರಲ್ಲ.

ಇಂತಹ ಮರಗಳ ಮಗ್ಗುಲಲ್ಲಿಯೇ ನಾವು ನಾಲ್ವರು ಗೆಳೆಯರು ಮುಂಜಾನೆ ಟೆನಿಸ್ ಆಡುವ ಕೆಮ್ಮಣ್ಣಿನ ಅಂಕಣವಿದೆ. 78 ಅಡಿ ಉದ್ದ, 36 ಅಡಿ ಅಗಲದ ನೆಲವನ್ನು ಇಬ್ಬರಿಬ್ಬರು ಹಂಚಿಕೊಂಡು ಆಡಿದರೆ ಅರವತ್ತು ದಾಟಿದ ಕಾಲುಗಳಿಗೂ ಅದು ಭಾರವೆನಿಸದು. ಭುಜನೋವಿನ ಮಿತ್ರರೊಬ್ಬರು ಕೈಯನ್ನು ತಲೆಯ ಮೇಲೆತ್ತದೆ ಕೆಳಗಿನಿಂದಲೇ ಸರ್ವ್ ಮಾಡುತ್ತಾರೆ. ನಿಯಮವೂ ಅದಕ್ಕೆ ಅಡ್ಡಿ ಬರುವುದಿಲ್ಲ.

ಈ ಸಲ ಮಾಘಮಾಸದಲ್ಲಿ ನಮ್ಮ ಗುಂಪಿಗೆ ಬಿರುಕು ಬಿದ್ದಿತು. ಎರಡೂ ಕಡೆ 40 ಆಗಿತ್ತು. ಆ ಮಿತ್ರರು ಹೊಡೆದ ಚೆಂಡು ಗೆರೆಯ ಬಳಿ ಬಿದ್ದಿತು. ಗೆರೆಗೆ ತಾಗಿದ ಚೆಂಡು ಒಳಗೆ ಬಿದ್ದಂತೆಯೇ ಲೆಕ್ಕ. ಮಣ್ಣಿನ ಅಂಕಣದಲ್ಲಿ ಚೆಂಡಿನ ಗುರುತು ಉಳಿಯುವುದರಿಂದ ನೋಡಿ ತೀರ್ಮಾನಿಸಬಹುದಾಗಿತ್ತು. ಆದರೆ ನಾವು ‘ಹೊರಗೆ’ ಎಂದು ಕೂಗಿ, ಆವೇಶದಲ್ಲಿ ಕಾಲಿನಿಂದ ಆ ಗುರುತನ್ನು ಅಳಿಸಿಬಿಟ್ಟೆವು. ಅವರು ಮರುಮಾತಾಡದೆ ಬ್ಯಾಟನ್ನು ಚೀಲಕ್ಕೆ ಸೇರಿಸಿ ಹೊರಟರು. ಮರುದಿನ ಬರಲಿಲ್ಲ, ಹದಿನೈದು ದಿನವಾದರೂ ಬರಲಿಲ್ಲ. ಮೂವತ್ತು ವರ್ಷಗಳ ಸ್ನೇಹವು ಒಂದು ಅಂಕಕ್ಕೆ ಸೋತಿತ್ತು. ಅವರ ಮನೆಯ ಮುಂದೆ ಎರಡು ಬಾರಿ ಹೋಗಿಯೂ ಬಾಗಿಲು ತಟ್ಟದೆ ಮರಳಿದೆವು.

ಹೋಳಿ ಹುಣ್ಣಿಮೆ ಸಮೀಪಿಸಿದ ಒಂದು ಮುಂಜಾನೆ ನಾವು ಹೊಡೆದ ಚೆಂಡು ಬೇಲಿ ದಾಟಿ ಬಯಲಿಗೆ ಬಿದ್ದಿತು. ಹುಡುಕುತ್ತ ಹೋದ ನಮಗೆ, ನಿತ್ಯ ತುಳಿದು ನಡೆದ ನೆಲವೇ ಹೊಸದಾಗಿ ಕಂಡಿತು. ಒಣಹುಲ್ಲಿನ ನಡುವೆ ವಿಷ್ಣುಕ್ರಾಂತಿಯ ಉಗುರಿನಷ್ಟು ಸಣ್ಣ ನೀಲಿ ಹೂಗಳು. ಮುಳ್ಳಿಗೇ ಹೆಸರಾದ ನೆಗ್ಗಿಲಿನಲ್ಲಿಯೂ ಐದೆಸಳಿನ ಹಳದಿ ಹೂವು. ತಲೆಯೆತ್ತಿದರೆ ಮುತ್ತುಗದ ಕೆಳಗೆ ಆ ಮಿತ್ರರೇ ಕುಳಿತು, ಉದುರಿದ ಹೂಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಮೊಮ್ಮಕ್ಕಳ ಬಣ್ಣದಾಟಕ್ಕೆ ಅವನ್ನು ಕುದಿಸುವವರಿದ್ದರು. ನಮ್ಮ ಚೆಂಡು ಅವರ ಪಕ್ಕದಲ್ಲಿಯೇ ಇತ್ತು.

“ಅಂದು ಗುರುತು ಅಳಿಸಿದ್ದು ನಮ್ಮ ತಪ್ಪು” ಎಂದೆವು. ಇಷ್ಟು ಹೇಳಲು ಹದಿನೈದು ದಿನ ಬೇಕಾಯಿತು. ಅವರು ಚೆಂಡನ್ನು ನಮ್ಮ ಕೈಗಿತ್ತು, “ಹೋಗ್ಲಿ ಬಿಡ್ರೀ. ನಾಳೆ ಎಷ್ಟ ಗಂಟೆಕ್ಕ ಬರ್ಲಿ?” ಎಂದರು. ನಾವೂ ಕುಳಿತು ಹೂವು ಆರಿಸತೊಡಗಿದೆವು.

ಓದುಗ ಬಂಧುಗಳೇ, ಮುತ್ತುಗ ಅರಳಿರುವ ದಿನಗಳು ಬಹಳವಿಲ್ಲ. ಮಕ್ಕಳನ್ನು ಕರೆದುಕೊಂಡು ಒಂದು ಮುಂಜಾನೆ ಬಯಲಿಗೆ ಹೋಗಿಬನ್ನಿರಿ. ಕೊಂಬೆ ಮುರಿಯದೆ ಉದುರಿದ ಹೂಗಳನ್ನಷ್ಟೇ ಆರಿಸಿರಿ. ಮಾತು ಬಿಟ್ಟ ಗೆಳೆಯರಿದ್ದರೆ ಅವರನ್ನೂ ಜೊತೆಗೆ ಕರೆಯಿರಿ. ನಮ್ಮಂತೆ ಚೆಂಡು ಬೇಲಿ ದಾಟುವವರೆಗೆ ಕಾಯಬೇಡಿರಿ.