ಲಿವರ್ ಕಾಯಿಲೆಯ ಮನೆಗೆ ಬೇಕಾದುದು ತೀರ್ಪಲ್ಲ, ಆಸರೆ

ನಮ್ಮ ಧರ್ಮಕೇಂದ್ರಗಳಲ್ಲಿ ಹಿರಿಯರೊಬ್ಬರಿಗೆ ಹೃದಯಾಘಾತವಾದರೆ ಮುಂದಿನ ಭಾನುವಾರದ ಬಲಿಪೂಜೆಯ ಹೊತ್ತಿಗೆ ಸುದ್ದಿ ಎಲ್ಲರಿಗೂ ತಿಳಿದಿರುತ್ತದೆ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಅವರ ಹೆಸರು ಕೇಳಿಬರುತ್ತದೆ. ನೆರೆಯವರು ಹಣ್ಣುಹಂಪಲು ಹಿಡಿದು ಮನೆಗೆ ಬರುತ್ತಾರೆ. ಅದೇ ಹಿರಿಯರ ಪಿತ್ತಜನಕಾಂಗ, ಎಂದರೆ ಲಿವರ್ ಕೆಟ್ಟಿತೆಂದಾದರೆ ಮನೆಯ ಬಾಗಿಲು ಮೆಲ್ಲನೆ ಮುಚ್ಚಿಕೊಳ್ಳುತ್ತದೆ. 'ಗ್ಯಾಸ್ಟ್ರಿಕ್ ತೊಂದರೆ' ಎಂದೋ 'ಸ್ವಲ್ಪ ಕಾಮಾಲೆ' ಎಂದೋ ಹೇಳಿ ಮಕ್ಕಳು ಮಾತು ಮುಗಿಸುತ್ತಾರೆ. ಕಾರಣ ಗುಟ್ಟಾದುದೇನಲ್ಲ. 'ಕುಡಿಯುತ್ತಿದ್ದರೇ?' ಎಂಬ ಪ್ರಶ್ನೆ ಯಾರದಾದರೂ ಬಾಯಿಂದ ಬಂದೇ ಬರುತ್ತದೆಂಬ ಅಳುಕು ಅವರದು. ಈ ಅಳುಕಿನಿಂದಾಗಿ ರೋಗಿಗೆ ಸಲ್ಲಬೇಕಾದ ಆಸರೆ ಸಲ್ಲದೆ ಹೋಗುತ್ತಿದೆ ಎಂಬುದು ನಮ್ಮ ಅಭಿಪ್ರಾಯ.

ಬಲಪಕ್ಕೆಯ ಕೆಳಗಿರುವ, ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗವನ್ನು ಕೆಡಿಸುವುದು ಮದ್ಯವೊಂದೇ ಅಲ್ಲ. ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು, ಸಕ್ಕರೆ ಕಾಯಿಲೆ ಹಾಗೂ ಬೊಜ್ಜಿನ ಜೊತೆಗೆ ಬರುವ ಕೊಬ್ಬಿನ ಲಿವರ್, ದೇಹದ ರಕ್ಷಣಾಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕೆಲವು ರೋಗಗಳು ಇವೆಲ್ಲವೂ ಲಿವರನ್ನು ಗಾಯಗೊಳಿಸಿ, ಕಡೆಗೆ ಸಿರೋಸಿಸ್ ಎಂಬ ಗಡಸು ಸ್ಥಿತಿಗೆ ತರಬಲ್ಲವು. ಒಂದು ಹನಿ ಮದ್ಯ ಮುಟ್ಟದ ತಾಯಂದಿರೂ ಇದಕ್ಕೆ ತುತ್ತಾಗುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಬಿ ಮತ್ತು ಸಿ ವೈರಾಣುಗಳ ಪರೀಕ್ಷೆ, ಚಿಕಿತ್ಸೆಗಳು ಉಚಿತವಾಗಿ ದೊರೆಯುತ್ತವೆ. ಹೆಪಟೈಟಿಸ್ ಸಿ ಬಹುತೇಕ ರೋಗಿಗಳಲ್ಲಿ ಕೆಲವೇ ತಿಂಗಳ ಮಾತ್ರೆಗಳಿಂದ ವಾಸಿಯಾಗುತ್ತದೆ. ತಂದೆಗೋ ತಾಯಿಗೋ ಹೆಪಟೈಟಿಸ್ ಬಿ ಇದ್ದರೆ ಮನೆಮಂದಿಯೆಲ್ಲ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು. ಕಾಯಿಲೆಯನ್ನು ಮುಚ್ಚಿಟ್ಟ ಮನೆಯಲ್ಲಿ ಇವುಗಳಲ್ಲಿ ಒಂದೂ ನಡೆಯುವುದಿಲ್ಲ.

ಇನ್ನು, ಮದ್ಯವೇ ಕಾರಣವಾಗಿದ್ದರೆ? ಅಲ್ಲಿಯೂ ನಾವು ನೇರವಾಗಿ ಮಾತಾಡೋಣ. ಕುಡುಕ ತಂದೆಯ ಮನೆಯಲ್ಲಿ ಬೆಳೆದ ಮಕ್ಕಳಿಗೆ ಬಡತನ, ಬೈಗುಳ, ತಾಯಿಯ ಕಣ್ಣೀರು ಇವುಗಳ ನೆನಪು ಮಾಸಿರುವುದಿಲ್ಲ. ಅಂಥ ತಂದೆಯನ್ನು ಮುಪ್ಪಿನಲ್ಲಿ ಎತ್ತಿ ಕೂರಿಸಿ ಉಣಿಸಬೇಕಾದ ಮಗನ ಮನಸ್ಸಿನ ತೊಳಲಾಟವನ್ನು ಹೊರಗಿನವರು ಹಗುರವಾಗಿ ಕಾಣಬಾರದು. ಕ್ಷಮೆಯೆಂದರೆ ನಡೆದುದನ್ನು ನಡೆದೇ ಇಲ್ಲವೆನ್ನುವುದಲ್ಲ. ನಡೆದುದರ ಸೇಡನ್ನು ಹಾಸಿಗೆ ಹಿಡಿದವರ ಮೇಲೆ ತೀರಿಸಿಕೊಳ್ಳದಿರುವುದು. ಮನಸ್ಸಿನ ನೋವು ಆರದಿದ್ದರೂ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಬಹುದು, ಆಸ್ಪತ್ರೆಗೆ ಕರೆದೊಯ್ಯಬಹುದು. ಅದೂ ಪ್ರೀತಿಯೇ. ಕಾಯಿಲೆ ಎಷ್ಟೇ ಮುಂದುವರಿದಿದ್ದರೂ ಮದ್ಯವನ್ನು ಪೂರ್ತಿಯಾಗಿ ಬಿಡುವುದರಿಂದ ಪ್ರಯೋಜನವಿದೆ. ಕೆಲವರು ಗಮನಾರ್ಹವಾಗಿ ಚೇತರಿಸಿಕೊಳ್ಳುತ್ತಾರೆ. ಆದರೆ ನಿತ್ಯ ಕುಡಿಯುವವರು ಹಠಾತ್ತನೆ ಬಿಟ್ಟರೆ ನಡುಕ, ಭ್ರಮೆ, ಫಿಟ್ಸ್ ಬರಬಹುದಾದ್ದರಿಂದ ವೈದ್ಯರ ನೆರವು ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ. ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಗಳು ಹಲವು ಊರುಗಳಲ್ಲಿ ಸೇರುತ್ತವೆ. ಮನೆಯವರೂ ತಮ್ಮ ಪಾಲಿನದನ್ನು ಮಾಡಬೇಕು. ತಂದೆಗೆ ಬೇಡವೆಂದು ಬುದ್ಧಿ ಹೇಳಿ, ಜ್ಞಾನಸ್ನಾನದ ಔತಣಕ್ಕೂ ಮದುವೆಯ ಔತಣಕ್ಕೂ ಅದೇ ಮನೆಯಲ್ಲಿ ಸೀಸೆಗಳನ್ನು ಸಾಲಾಗಿ ಜೋಡಿಸುವುದು ಯಾವ ನ್ಯಾಯ?

ಮುಂದುವರಿದ ಲಿವರ್ ಕಾಯಿಲೆಯಲ್ಲಿ ಹೊಟ್ಟೆಯಲ್ಲಿ ನೀರು ತುಂಬುವುದು, ಕಾಲು ಊದುವುದು, ಕಣ್ಣು ಹಳದಿಯಾಗುವುದು ಎಲ್ಲರಿಗೂ ಕಾಣುತ್ತದೆ. ಬೇಗನೆ ಕಾಣದಿರುವುದು ಮನಸ್ಸಿಗೆ ಕವಿಯುವ ಮಬ್ಬು. ಲಿವರ್ ಶುದ್ಧಿಗೊಳಿಸಬೇಕಾದ ವಿಷಾಂಶಗಳು ಮೆದುಳನ್ನು ತಲುಪಿದಾಗ ರೋಗಿ ಹಗಲೆಲ್ಲ ತೂಕಡಿಸಿ ರಾತ್ರಿ ಎಚ್ಚರವಿರುತ್ತಾರೆ, ಸಿಡುಕುತ್ತಾರೆ, ಮಗಳನ್ನೇ ಗುರುತಿಸದೆ ಹೋಗಬಹುದು, ಚಾಚಿದ ಕೈಗಳು ಹಕ್ಕಿಯ ರೆಕ್ಕೆಯಂತೆ ಅದುರುತ್ತವೆ. ಇದು ಹಟವಲ್ಲ, ಹುಚ್ಚಲ್ಲ, ಗಾಳಿ ಸೋಕಿದ್ದಲ್ಲ. ವೈದ್ಯರು ಕೊಡುವ ಲ್ಯಾಕ್ಟುಲೋಸ್ ಎಂಬ ಸಿಹಿ ಔಷಧಿ ದಿನಕ್ಕೆ ಎರಡು ಮೂರು ಬಾರಿ ಮೆದುವಾಗಿ ಮಲವಿಸರ್ಜನೆ ಮಾಡಿಸಿ ಆ ವಿಷಾಂಶವನ್ನು ಹೊರಹಾಕುತ್ತದೆ. 'ಭೇದಿಯಾಗುತ್ತಿದೆ' ಎಂದು ಮನೆಯವರೇ ಅದನ್ನು ನಿಲ್ಲಿಸಿಬಿಟ್ಟರೆ ರೋಗಿ ಪ್ರಜ್ಞೆ ತಪ್ಪುವ ಹಂತಕ್ಕೆ ಹೋಗಬಹುದು. ಅತಿಯಾದರೆ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ತಗ್ಗಿಸಬೇಕು. ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಜ್ವರದೊಡನೆ ಹೊಟ್ಟೆನೋವು, ಎಬ್ಬಿಸಿದರೂ ಏಳದ ನಿದ್ದೆ ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಸಿರಾಖನ ಗ್ರಂಥದ ಮೂರನೆಯ ಅಧ್ಯಾಯವು ಮುಪ್ಪಿನ ತಂದೆಯ ಬುದ್ಧಿ ಕುಂದಿದಾಗಲೂ ತಾಳ್ಮೆಯಿಂದಿರಬೇಕೆಂದು ಮಗನಿಗೆ ಬೋಧಿಸುತ್ತದೆ. ಈ ಕಾಯಿಲೆಯ ಮನೆಗಳಲ್ಲಿ ಆ ಬೋಧನೆಗೆ ದಿನವೂ ಪರೀಕ್ಷೆ.

ಆಹಾರದ ವಿಷಯದಲ್ಲಿ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಕಾಮಾಲೆಯವರಿಗೆ ಗಂಜಿ, ಉಪ್ಪಿನಕಾಯಿ ಮಾತ್ರ ಎಂಬುದು ರೂಢಿ. ಆದರೆ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪು ವೈರಿ. ದಿನಕ್ಕೆ ಸುಮಾರು 5 ಗ್ರಾಂ, ಎಂದರೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಒಣಮೀನು ದೂರವಿರಲಿ. ಬರಿಯ ಗಂಜಿಯಿಂದ ಮಾಂಸಖಂಡ ಕರಗಿಹೋಗುತ್ತದೆ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ಇಂದಿನ ವೈದ್ಯರ ಮಾತು. ಬೇಳೆ, ಮೊಸರು, ಮೊಟ್ಟೆ, ಕಾಳುಗಳಿಂದ ಅದು ಸಿಗುತ್ತದೆ. ಹೆಚ್ಚು ಹೊತ್ತು ಹೊಟ್ಟೆ ಖಾಲಿ ಇರಬಾರದು; ಮಲಗುವ ಮುನ್ನ ಏನಾದರೂ ತಿನ್ನಬೇಕು. ಆದ್ದರಿಂದ ಇಂಥವರು ವಿಭೂತಿ ಬುಧವಾರ, ಶುಭ ಶುಕ್ರವಾರಗಳಂದೂ ಉಪವಾಸ ಮಾಡತಕ್ಕದ್ದಲ್ಲ. ಧರ್ಮಸಭೆಯ ಉಪವಾಸದ ನಿಯಮ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ. ರೋಗಿಗಳಿಗೆ ಅದರಿಂದ ವಿನಾಯಿತಿ ಉಂಟು. ಹಟ ಹಿಡಿಯುವ ತಾಯಿಗೆ ಗುರುಗಳ ಬಾಯಿಂದಲೇ ಇದನ್ನು ಹೇಳಿಸುವುದು ಒಳ್ಳೆಯದು. ನೋವಿನ ಮಾತ್ರೆ, ನಿದ್ರೆಯ ಮಾತ್ರೆ, ಹಸಿರು ಔಷಧಿ ಯಾವುದನ್ನೂ ವೈದ್ಯರಿಗೆ ತಿಳಿಸದೆ ಕೊಡಬಾರದು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್‌ಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಇಷ್ಟೆಲ್ಲವನ್ನು ಮಾಡುವವರು ಯಾರು? ಬಹುಪಾಲು ಮನೆಗಳಲ್ಲಿ ಒಬ್ಬಳೇ: ಹೆಂಡತಿ, ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಮಗಳು. ಕೊಲ್ಲಿ ರಾಷ್ಟ್ರದಲ್ಲಿರುವ ಮಗ ಹಣ ಕಳುಹಿಸುತ್ತಾನೆ, ನಿಜ. ಆದರೆ ರಾತ್ರಿ ಮೂರು ಗಂಟೆಗೆ ಒದ್ದೆ ಹಾಸಿಗೆ ಬದಲಿಸುವುದು ಹಣವಲ್ಲ. ಒಡಹುಟ್ಟಿದವರು ಒಟ್ಟಿಗೆ ಕುಳಿತು ಆಸ್ಪತ್ರೆಗೆ ಯಾರು, ರಾತ್ರಿಗೆ ಯಾರು, ಖರ್ಚಿಗೆ ಯಾರು ಎಂದು ಹಂಚಿಕೊಳ್ಳಬೇಕು; ದೂರದಲ್ಲಿರುವವರು ರಜೆಯಲ್ಲಿ ಬಂದಾಗ ಅತಿಥಿಗಳಾಗದೆ ಆ ಪಾಳಿಯನ್ನು ತಾವು ಹೊರಬೇಕು.

ಲಿವರ್ ಕಸಿಯ ಮಾತು ಬಂದಾಗಲೂ ಇದೇ ಎಚ್ಚರ ಅಗತ್ಯ. ಲಿವರ್ ಮತ್ತೆ ಬೆಳೆಯುವ ಅಂಗವಾದ್ದರಿಂದ ಆರೋಗ್ಯವಂತರು ತಮ್ಮ ಲಿವರಿನ ಭಾಗವನ್ನು ಕೊಡಬಹುದು. 1994ರ ಅಂಗಾಂಗ ಕಸಿ ಕಾಯಿದೆಯಂತೆ ವಯಸ್ಕ ಮಕ್ಕಳು ಹತ್ತಿರದ ಸಂಬಂಧಿಗಳಾಗಿ ದಾನಿಗಳಾಗಬಲ್ಲರು. ಅದು ದೊಡ್ಡ ಶಸ್ತ್ರಚಿಕಿತ್ಸೆ; ದಾನಿಗೂ ಅಪಾಯ ಇಲ್ಲದಿಲ್ಲ. ಪೋಪ್ ಎರಡನೆಯ ಜಾನ್ ಪೌಲರು 2000ದ ಆಗಸ್ಟ್‌ನಲ್ಲಿ ರೋಮಿನಲ್ಲಿ ಕಸಿ ವೈದ್ಯರ ಸಮ್ಮೇಳನದಲ್ಲಿ ಅಂಗದಾನವನ್ನು ಪ್ರೀತಿಯ ಕಾರ್ಯವೆಂದು ಕೊಂಡಾಡಿದರು. ದಾನಿಯ ತಿಳಿದ, ಸ್ವತಂತ್ರ ಒಪ್ಪಿಗೆ ಇರಲೇಬೇಕೆಂದೂ ಸ್ಪಷ್ಟಪಡಿಸಿದರು. 'ನೀನು ಕೊಡದಿದ್ದರೆ ಅಪ್ಪ ಸಾಯುತ್ತಾರೆ' ಎಂದು ಮಗಳ ಕುತ್ತಿಗೆಯ ಮೇಲೆ ಕೂತು ಪಡೆದದ್ದು ದಾನವಾಗಲಾರದು. ಒಲ್ಲೆನೆಂದವರನ್ನು ಜೀವಮಾನವಿಡೀ ದೂಷಿಸುವ ಹಕ್ಕು ಯಾರಿಗೂ ಇಲ್ಲ. ಮರಣಾನಂತರದ ಅಂಗದಾನಕ್ಕೆ ನಮ್ಮ ರಾಜ್ಯದಲ್ಲಿ 'ಜೀವಸಾರ್ಥಕತೆ' ಸಂಸ್ಥೆಯಿದೆ. ಅಲ್ಲಿ ಹೆಸರು ನೋಂದಾಯಿಸುವವರು ಹೆಚ್ಚಾದಷ್ಟೂ ಮಕ್ಕಳ ಮೇಲಿನ ಈ ಒತ್ತಡ ತಗ್ಗೀತು.

ಕಸಿ ಸಾಧ್ಯವಾಗದ ಮನೆಗಳೇ ಹೆಚ್ಚು. ಅಲ್ಲಿ ನೋವು, ಉಬ್ಬಸ, ತುರಿಕೆಗಳನ್ನು ತಗ್ಗಿಸುವ ಉಪಶಾಮಕ ಚಿಕಿತ್ಸೆಯನ್ನು ವೈದ್ಯರಲ್ಲಿ ಕೇಳಿ ಪಡೆಯಬೇಕು. ಮನಸ್ಸು ತಿಳಿಯಾಗಿರುವ ದಿನಗಳಲ್ಲೇ ಮಾತಾಡಬೇಕು: ಐಸಿಯುಗೆ ಒಯ್ಯುವುದು ಬೇಕೇ, ಮನೆಯಲ್ಲೇ ಇರಬೇಕೆಂಬ ಇಚ್ಛೆಯೇ, ಯಾರನ್ನು ನೋಡಬೇಕೆಂದಿದೆ, ಯಾರೊಡನೆ ರಾಜಿಯಾಗಬೇಕಿದೆ. ಗುರುಗಳನ್ನು ಕರೆಯುವುದನ್ನೂ ಕೊನೆಯ ಗಳಿಗೆಗೆ ಮುಂದೂಡಬಾರದು. ರೋಗಿಗಳ ಅಭ್ಯಂಗನವು ಸಾಯುವವರಿಗೆ ಮಾತ್ರವಲ್ಲ, ಗಂಭೀರವಾಗಿ ಅಸ್ವಸ್ಥರಾದ ಎಲ್ಲರಿಗೆ ಎಂಬುದು ಎರಡನೆಯ ವ್ಯಾಟಿಕನ್ ಮಹಾಸಭೆಯ ಬೋಧನೆ. ಮಬ್ಬು ಕವಿದ ಮೇಲೆ ಕರೆದರೆ ಪಾಪನಿವೇದನೆಗೂ ಪರಮಪ್ರಸಾದಕ್ಕೂ ಅವಕಾಶ ಉಳಿಯದೆ ಹೋಗಬಹುದು.

ಧರ್ಮಕೇಂದ್ರದ ಜನರಾಗಿ ನಾವು ಮಾಡಬೇಕಾದುದು ದೊಡ್ಡದೇನಲ್ಲ. ಕಾಯಿಲೆಯ ಕಾರಣ ಕೇಳದೆ ಆ ಮನೆಗೆ ಹೋಗೋಣ. ಹಣ್ಣಿಗೆ ಬದಲು, ಉಪ್ಪು ಕಡಿಮೆ ಹಾಕಿದ ಬೇಳೆ ಸಾರು ಒಯ್ಯೋಣ. ರೋಗಿಯ ಬಳಿ ಎರಡು ಗಂಟೆ ಕುಳಿತು, ಆ ಹೆಣ್ಣುಮಗಳು ನಿಶ್ಚಿಂತೆಯಿಂದ ಬಲಿಪೂಜೆಗೆ ಹೋಗಿಬರುವಂತೆ ಮಾಡೋಣ.