ಕರ್ತೃವೆಂಬ ತಪ್ಪು ಹೆಸರು

ಇಂಗ್ಲಿಷ್ ವಾಕ್ಯವನ್ನು ಬಿಡಿಸಿ ತೋರಿಸುವಾಗ ‘ಸಬ್ಜೆಕ್ಟ್’ ಎಂದರೆ ಕರ್ತೃ, ಕರ್ತೃವೆಂದರೆ ಕೆಲಸ ಮಾಡುವವನು ಎಂದು ಹುಡುಗರಿಂದ ಬಾಯಿಪಾಠ ಮಾಡಿಸುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿದೆ. ಇದರಿಂದ ಎರಡು ಭಾಷೆಗಳಿಗೂ ಅನ್ಯಾಯವಾಗಿದೆ.

‘ದಿ ಲೆಟರ್ ವಾಸ್ ರಿಟನ್ ಬೈ ರಾಮ’ ಎಂಬಲ್ಲಿ ಸಬ್ಜೆಕ್ಟು ‘ಲೆಟರ್’. ಕಾಗದವು ಬರೆಯಿತೇ? ಕ್ರಿಯೆಯಲ್ಲಿ ಸ್ವತಂತ್ರನಾದವನೇ ಕರ್ತೃವೆಂಬುದು ಪಾಣಿನಿಯ ಮತ. ಕರ್ಮಣಿಪ್ರಯೋಗದಲ್ಲಿ ರಾಮನು ತೃತೀಯೆಯಲ್ಲಿ ನಿಂತರೂ ಅವನ ಕರ್ತೃತ್ವಕ್ಕೆ ಚ್ಯುತಿಯಿಲ್ಲ. ಕಾರಕವು ಅರ್ಥಸಂಬಂಧವನ್ನು ಹಿಡಿದು ಹೊರಟದ್ದು. ಇಂಗ್ಲಿಷಿನ ಸಬ್ಜೆಕ್ಟಾದರೋ ವಾಕ್ಯದಲ್ಲಿ ತನಗಿರುವ ಸ್ಥಾನದಿಂದಲೂ, ಕ್ರಿಯಾಪದದೊಡನೆ ವಚನದಲ್ಲಿ ಹೊಂದುವುದರಿಂದಲೂ ಗುರುತಾಗತಕ್ಕದ್ದು. ‘ಇಟ್ ಈಸ್ ರೈನಿಂಗ್’ ಎಂಬಲ್ಲಂತೂ ‘ಇಟ್’ ಯಾವ ವಸ್ತುವನ್ನೂ ಹೇಳದು. ಖಾಲಿ ಪೀಠವನ್ನು ಕಾಯುತ್ತಿದೆ, ಅಷ್ಟೆ. ಮಳೆಗರೆಯುವ ಆ ‘ಅದು’ ಯಾವುದೆಂದು ಚುರುಕು ಹುಡುಗನು ಕೇಳಿದರೆ ಉಪಾಧ್ಯಾಯರು ಗದರಿಸಿ ಕೂರಿಸಬೇಕಾಗುತ್ತದೆ!

ಪರೀಕ್ಷೆಗೆ ಇಷ್ಟು ಸಾಕೆನ್ನುವವರುಂಟು. ಆದರೆ ಈ ಅಳತೆಗೋಲು ಪರೀಕ್ಷೆಯ ಮನೆಯಲ್ಲೇ ಉಳಿಯುವುದಿಲ್ಲ, ಕನ್ನಡಕ್ಕೂ ನುಗ್ಗುತ್ತದೆ. ‘ಲಕ್ಷ್ಮಣನು ರಾಮನ ತಮ್ಮ’ ಎಂಬುದು ಕ್ರಿಯಾಪದವಿಲ್ಲದೆಯೇ ಪೂರ್ಣವಾದ ವಾಕ್ಯ. ‘ವರ್ಬ್ ಎಲ್ಲಿ?’ ಎಂದು ಹುಡುಕಿ ಕಲಿತವನು ಅದನ್ನು ‘ತಮ್ಮನಾಗಿರುತ್ತಾನೆ’ ಎಂದು ತಿದ್ದುತ್ತಾನೆ. ಮುಂದೆ ಗ್ರಂಥಕರ್ತನಾದರೆ ಪುಟಪುಟಕ್ಕೂ ಹಾಗೆಯೇ ಬರೆಯುತ್ತಾನೆ. ‘ಸೀತೆಗೆ ಹಸಿವಾಗಿದೆ’ ಎಂಬುದನ್ನು ಕಂಡರಂತೂ, ಹಸಿದವಳು ಚತುರ್ಥಿಯಲ್ಲಿರುವಾಗ ಕರ್ತೃವು ಯಾರೆಂದು ದಿಕ್ಕೆಡುತ್ತಾನೆ.

ಉದ್ದೇಶ್ಯ, ವಿಧೇಯ ಎಂಬ ಹೆಸರುಗಳು ನಮ್ಮಲ್ಲಿ ಇದ್ದೇ ಇವೆ. ಸಬ್ಜೆಕ್ಟು, ಪ್ರೆಡಿಕೇಟುಗಳಿಗೆ ಅವನ್ನಿಟ್ಟು, ಕರ್ತೃವನ್ನು ಕಾರಕಪ್ರಕರಣಕ್ಕೆ ಹಿಂದಿರುಗಿಸಲು ಪಠ್ಯಪುಸ್ತಕಕಾರರಿಗೆ ಇರುವ ಅಡ್ಡಿಯಾದರೂ ಏನು?